ಗೋಡೆಯಿಲ್ಲದ ನೀರು

ಮೇಷ್ಟ್ರ ಎರಡೂ ಕಿವಿಗಳಲ್ಲಿ ಸದಾ ಹತ್ತಿ ಇರುತ್ತಿತ್ತು. ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಹಿಂಡಿ, ಉಂಡೆ ಮಾಡಿ ಹೆಬ್ಬೆರಳಿನಿಂದ ಒತ್ತಿ ಕೂರಿಸಿದ ಹತ್ತಿ. ಎಣ್ಣೆ ಇಳಿದು ಕಿವಿಯ ಹಾಲೆಗಳು ಮಿರಮಿರ ಮಿನುಗುತ್ತಿದ್ದವು. ಬಾವಿಯ ನೀರು ಹೋಗಿ ಹೋಗಿ ಒಂದು ಕಿವಿ ಆಗಲೇ ಹಾಳಾಗಿತ್ತು, ಇನ್ನೊಂದನ್ನು ಉಳಿಸಿಕೊಳ್ಳಲು ಈ ಏರ್ಪಾಡು. ಹಾಗಾಗಿ ಮೆಲ್ಲಗೆ ಮಾತಾಡುವುದು ಅವರಿಗೆ ಗೊತ್ತೇ ಇರಲಿಲ್ಲ. ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಅವರು ಯಾರಿಗಾದರೂ ಗುಟ್ಟು ಹೇಳಿದರೆ, ಹೊರಡಲು ನಿಂತ ಚಿಂತಾಮಣಿ ಬಸ್ಸಿನ ಡ್ರೈವರು ಕೂಡ ತಿರುಗಿ ನೋಡುತ್ತಿದ್ದ.

ಹೈಸ್ಕೂಲಿನಲ್ಲಿ ಅವರು ಡ್ರಿಲ್ ಮೇಷ್ಟ್ರು. ನಮ್ಮ ಪಕ್ಕದ ಮನೆಯವರು. ಶಾಲೆಯಲ್ಲಿ ಅವರು ಏನು ಕಲಿಸಿದರೋ ನನಗೆ ನೆನಪಿಲ್ಲ. ಸೀಟಿ ಊದುತ್ತಿದ್ದರು, ನಾವು ಕೈ ಮೇಲೆತ್ತಿ ಇಳಿಸುತ್ತಿದ್ದೆವು, ಅಷ್ಟೆ. ಅವರ ಜೀವವೆಲ್ಲ ಇದ್ದದ್ದು ಈಜಿನಲ್ಲಿ. ನದಿಯಿಲ್ಲದ ನಮ್ಮ ಸೀಮೆಯಲ್ಲಿ ಹುಟ್ಟಿ ಈಜಿನ ಹುಚ್ಚು ಹಿಡಿಸಿಕೊಂಡವರು ಹೋಗುವುದಾದರೂ ಎಲ್ಲಿಗೆ? ಬಾವಿಗೆ. ಊರ ಹೊರಗೆ ಹಿಪ್ಪುನೇರಳೆ ತೋಟದ ನಡುವೆ ಕಲ್ಲು ಕಟ್ಟಿದ ದೊಡ್ಡ ದುಂಡು ಬಾವಿಯೊಂದಿತ್ತು. ಗೋಡೆಯಿಂದ ಚಾಚಿಕೊಂಡ ಚಪ್ಪಡಿಗಳೇ ಅದಕ್ಕೆ ಮೆಟ್ಟಿಲು. ಬೇಸಿಗೆ ರಜೆಯಲ್ಲಿ ಊರ ಹುಡುಗರೆಲ್ಲ ಬೆನ್ನಿಗೆ ಖಾಲಿ ಎಣ್ಣೆ ಡಬ್ಬ ಕಟ್ಟಿಕೊಂಡು ಅಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಮೇಷ್ಟ್ರು ಮೊದಲು ತಾವು ಇಳಿದು, ಬೊಗಸೆ ನೀರನ್ನು ಕಣ್ಣಿಗೊತ್ತಿಕೊಂಡು "ಗಂಗಮ್ಮ ತಾಯಿ" ಎನ್ನುತ್ತಿದ್ದರು. ಆಮೇಲೆ ಮೂರು ಬೆರಳು ಅದ್ದಿ ನಾಲಿಗೆಗೆ ತಾಗಿಸಿ ರುಚಿ ನೋಡುತ್ತಿದ್ದರು. ಯಾವ ನೀರು ಕಂಡರೂ ಅವರಿಗೆ ಇದೊಂದು ಚಾಳಿ. ನಮ್ಮ ಮನೆಗೆ ಬಂದು ಲೋಟದ ನೀರು ಕೊಟ್ಟರೂ ಬೆರಳು ಅದ್ದಿಯೇ ಕುಡಿಯುತ್ತಿದ್ದರು. ನಮ್ಮಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಹುಡುಗಿಯರಿಗೆ ಬಾವಿ ಇರಲಿಲ್ಲ. ನಾನು ಅತ್ತೆ, ಹಟ ಮಾಡಿದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಮೇಷ್ಟ್ರು ನಮ್ಮ ಬಾಗಿಲಲ್ಲಿ ನಿಂತು ಕೂಗಿದರು: "ನೀರಿಗೆ ಗಂಡು ಹೆಣ್ಣು ಗೊತ್ತೇನ್ರೀ? ಮುಳುಗ್ಸೋವಾಗ ಕೇಳ್ಕೊಂಡು ಮುಳುಗ್ಸುತ್ತೇನ್ರೀ? ಕಳ್ಸ್ರೀ ಮಗೀನ!" ಇಡೀ ಬೀದಿ ಹೊರಗೆ ಬಂತು. ಅಪ್ಪ ಒಪ್ಪಿದ್ದು ವಾದಕ್ಕಲ್ಲ, ಆ ಗದ್ದಲ ನಿಂತರೆ ಸಾಕೆಂದು.

ಹಾಗೆ ನಾನು ಈಜು ಕಲಿತೆ. ಅವರ ಪಾಠ ಎರಡೇ. ಒಂದು, "ನೀರಿನ ಮೇಲೆ ಸಿಟ್ಟು ಮಾಡ್ಕೋಬ್ಯಾಡ ಕಣಮ್ಮ." ಇನ್ನೊಂದು, "ಎಡಕ್ಕೆ!" ಬಾವಿ ದುಂಡಗಿತ್ತು, ಮಕ್ಕಳು ಹಿಂಡು ಹಿಂಡಾಗಿ ಇಳಿಯುತ್ತಿದ್ದರು. ಕೆಲವರು ಹೀಗೆ ಕೆಲವರು ಹಾಗೆ ಬಂದರೆ ತಲೆಗೆ ತಲೆ ಡಿಕ್ಕಿ. ಅದಕ್ಕೇ ಎಲ್ಲರೂ ಗೋಡೆಯನ್ನು ಬಲಕ್ಕಿಟ್ಟುಕೊಂಡು ಎಡಕ್ಕೇ ತಿರುಗುತ್ತಾ ಸುತ್ತು ಹಾಕಬೇಕು. ಯಾರಾದರೂ ತಪ್ಪಿದರೆ ಮೇಲಿನ ಚಪ್ಪಡಿಯಿಂದ "ಎಡಕ್ಕೆ!" ಎಂಬ ಗರ್ಜನೆ ಬಾವಿಯೊಳಗೆ ಗುಡುಗುತ್ತಿತ್ತು. ಕೆಲವು ಬೇಸಿಗೆ ನಾನು ಹಾಗೆ ಸುತ್ತಿದೆ. ಆಮೇಲೆ ದೊಡ್ಡವಳಾದೆ. ಮನೆಯವರು ಬಾವಿ ಬಿಡಿಸಿದರು.

ನಾನು ಬಿಟ್ಟ ಕೆಲವೇ ವರ್ಷಕ್ಕೆ ಬಾವಿಯೇ ಎಲ್ಲರನ್ನೂ ಬಿಟ್ಟಿತು. ಸುತ್ತ ಬೋರ್‌ವೆಲ್‌ಗಳು ಬಂದವು, ಬಾವಿಯ ನೀರು ಇಳಿದು ಒಂದೊಂದೇ ಚಪ್ಪಡಿ ಬರಿದಾಗುತ್ತಾ ಹೋಯಿತು. ಹುಡುಗರು ಡಬ್ಬ ಬಿಸಾಡಿ ಬ್ಯಾಟು ಹಿಡಿದರು. ಮೇಷ್ಟ್ರು ಮಾತ್ರ ವಾಕಿಂಗ್ ನೆಪದಲ್ಲಿ ದಿನವೂ ಹೋಗಿ, ಒಳ್ಳೆಯ ಕಿವಿಯ ಹತ್ತಿ ತೆಗೆದು, ಒಂದು ಕಲ್ಲು ಎಸೆದು ಬಗ್ಗಿ ಕೇಳುತ್ತಿದ್ದರು. ಟಕ್ ಎಂದು ಒಣ ಸದ್ದು ಬರುತ್ತಿತ್ತು. ಹತ್ತಿ ಮತ್ತೆ ತುರುಕಿಕೊಂಡು ವಾಪಸಾಗುತ್ತಿದ್ದರು. ಅವರ ಹೆಂಡತಿ ತೀರಿಕೊಂಡರು, ಮಗಳು ಗೌರಿಬಿದನೂರಿಗೆ ಮದುವೆಯಾಗಿ ಹೋದಳು, ಅವರಿಗೆ ರಿಟೈರ್ ಆಯಿತು. ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಒಮ್ಮೆ, "ಸಾಯೋದ್ರೊಳಗೆ ಒಂದ್ಸಲ ಗೋಡೆ ಇಲ್ದಿರೋ ನೀರಲ್ಲಿ ಈಜ್ಬೇಕು ಕಣ್ರಪ್ಪ" ಎಂದರಂತೆ. "ಬಾವಿ ಕಪ್ಪೆಗೆ ಸಮುದ್ರ ಬೇಕಂತೆ ನೋಡ್ರೋ!" ಎಂದು ಯಾರೋ ಅಂದರು. ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ಆದರೆ ಅವರು ತಮಾಷೆಗೆ ಆಡಿದ ಮಾತಾಗಿರಲಿಲ್ಲ ಅದು.

ನನಗೆ ಬ್ಯಾಂಕಿನಲ್ಲಿ ಕೆಲಸ, ಚಿಂತಾಮಣಿಯಲ್ಲಿ. ನಮ್ಮ ಬ್ಯಾಂಕಿನವರು ಎಲ್‌ಟಿಸಿ ಎಂಬ ಪ್ರವಾಸ ಭತ್ಯೆ ಸಿಕ್ಕಿದರೆ ಹೋಗುವುದು ಎರಡೇ ಕಡೆ: ಇಲ್ಲವೇ ಕಾಶ್ಮೀರ, ಇಲ್ಲವೇ ಅಂಡಮಾನ್. ಆ ವರ್ಷ ನಾನೂ ನಮ್ಮ ಯಜಮಾನರೂ ಅಂಡಮಾನ್ ಎಂದುಕೊಂಡೆವು. ತವರಿಗೆ ಹೋದಾಗ ಜಗಲಿಯ ಮೇಲೆ ಕೂತು ಈ ಸುದ್ದಿ ಹೇಳಿದೆ. ಮರುದಿನ ಬೆಳಿಗ್ಗೆ ಮೇಷ್ಟ್ರು ಬಂದು, "ನಾನೂ ಬರ್ತೀನಿ ಕಣಮ್ಮ. ನನ್ ಖರ್ಚು ನಂದು. ನಿಮ್ಗೆ ತೊಂದ್ರೆ ಕೊಡಲ್ಲ" ಎಂದರು. ಗೌರಿಬಿದನೂರಿನ ಮಗಳು ನನಗೆ ಫೋನ್ ಮಾಡಿ, "ಅಕ್ಕ, ಈ ವಯಸ್ಸಲ್ಲಿ ಅಪ್ಪಂಗೆ ಸಮುದ್ರ ಯಾಕಕ್ಕಾ?" ಎಂದು ಅತ್ತಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ನಾಡಿ ಹಿಡಿದು, ಯಂತ್ರ ಹಚ್ಚಿ ನೋಡಿ, "ಈ ಮೇಷ್ಟ್ರ ಎದೆ ನನ್ನದಕ್ಕಿಂತ ಚೆನ್ನಾಗಿದೆ" ಎಂದು ಕಳಿಸಿದರು.

ಅಂಡಮಾನಿಗೆ ಬಂದಿಳಿದು, ಅಲ್ಲಿಂದ ದೂರದ ದ್ವೀಪಕ್ಕೆ ಹೋಗುವ ಹಡಗು ಹತ್ತಿದ ಅರ್ಧ ಗಂಟೆಗೇ ನಮ್ಮ ಯಜಮಾನರ ಹೊಟ್ಟೆ ತೊಳಸತೊಡಗಿತು. ಕಾಲೇಜಿನಲ್ಲಿ ಗಣಿತ ಹೇಳುವ ಮನುಷ್ಯ, ಆವತ್ತು ಪ್ಲಾಸ್ಟಿಕ್ ಕವರಿನೊಳಗಿಂದ ತಲೆ ಎತ್ತಲಿಲ್ಲ. ಕೊನೆಗೆ ತಲುಪಿದ ಸಣ್ಣ ಊರಿನ ಲಾಡ್ಜಿನಲ್ಲಿ ಅಂಗಾತ ಮಲಗಿ, "ನೀವು ಏನಾದ್ರೂ ಮಾಡ್ಕೊಳ್ಳಿ, ನಾನು ಮಾತ್ರ ನೆಲ ಬಿಟ್ಟು ಬರಲ್ಲ" ಎಂದರು. ಮೇಷ್ಟ್ರು ದಡಕ್ಕೆ ಹೋಗಿ ಸಮುದ್ರದ ನೀರನ್ನು ಕಣ್ಣಿಗೊತ್ತಿಕೊಂಡರು. ಮೂರು ಬೆರಳು ಅದ್ದಿ ನಾಲಿಗೆಗೆ ಇಟ್ಟರು. "ಥೂ! ಉಪ್ಪಿನ್‌ಕಾಯಿ ಜಾಡಿ ಕಣಮ್ಮ ಇದು!"

ದೋಣಿ ಸಿಕ್ಕಿದ್ದು ಆ ಕೂಗಿನಿಂದಲೇ. ದಡದಲ್ಲಿ ಬಲೆ ಹೊಲಿಯುತ್ತಿದ್ದ ಗಂಡ ಹೆಂಡತಿ ತಿರುಗಿ ನೋಡಿದರು. ಅವರ ಅಜ್ಜಂದಿರು ಶ್ರೀಕಾಕುಳಂ ಕಡೆಯ ಕಡಲ ತೀರದಿಂದ ಬಂದು ಅಲ್ಲಿ ನೆಲೆಸಿದವರಂತೆ. ಮನೆ ಮಾತು ತೆಲುಗು. ನಮ್ಮ ಕಡೆ ತೆಲುಗು ಬಾರದವರು ಯಾರಿದ್ದಾರೆ? ಮೇಷ್ಟ್ರು ಶುರು ಹಚ್ಚಿಕೊಂಡರು: "ಏಮಮ್ಮಾ, ಯಾಡಿಕೈನಾ ತೀಸ್ಕಪೋತಾರಾ ಮಮ್ಮಲ್ನಿ?" ಎಲ್ಲಿಗಾದರೂ ಕರೆದೊಯ್ಯುತ್ತೀರಾ ಎಂದು ಕೇಳಿದ್ದು. ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಇದೇಂ ತೆಲುಗು ಬಾಬೂ!" ಚಿಂತಾಮಣಿ ಸಂತೆಯಲ್ಲಿ ಟೊಮೆಟೊ ಮಾರುವ ತೆಲುಗು ಆ ಕಡಲಲ್ಲಿ ಅದೇ ಮೊದಲ ಸಲ ಕೇಳಿಸಿತ್ತೋ ಏನೋ.

ಅವರ ದೋಣಿಗೆ ಅಲ್ಲಿ ಡುಂಗಿ ಎನ್ನುತ್ತಾರೆ. ಹಿಂದೆ ಮೋಟಾರು ಕೂರಿಸಿದ, ಉದ್ದಕ್ಕೆ ಕಿರಿದಾದ ಮರದ ದೋಣಿ. ಹೊರಡುವ ಮುಂಚೆ ಆಕೆ ದೋಣಿಯ ಮೂತಿಗೆ ಅರಿಶಿನ ಹಚ್ಚಿ "ಗಂಗಮ್ಮ ತಲ್ಲಿ" ಎಂದು ಕೈ ಮುಗಿದಳು. ಮೇಷ್ಟ್ರು ಅವಳ ಪಕ್ಕದಲ್ಲೇ ನಿಂತು ತಾವೂ ಮುಗಿದರು. "ನೋಡ್ದಾ, ದೇವ್ರು ಒಂದೇ. ನಮ್ಮೋಳು ಬಾವೀಲಿ ಕೂತಿದ್ಲು, ಇವ್ರೋಳು ಇಷ್ಟಗಲ ಹರಡ್ಕೊಂಡವ್ಳೆ" ಎಂದರು.

ಎರಡು ದಿನ ಅವರು ನಮ್ಮನ್ನು ದ್ವೀಪದಿಂದ ದ್ವೀಪಕ್ಕೆ ಕರೆದುಕೊಂಡು ಹೋದರು, ಅರಣ್ಯ ಇಲಾಖೆ ಹೋಗಬಹುದು ಎಂದ ಕಡೆಗೆ ಮಾತ್ರ. ಮನುಷ್ಯರ ವಾಸವಿಲ್ಲದ, ಹೆಸರೂ ಇಲ್ಲದ ತುಣುಕುಗಳು. ನೀರೊಳಗೇ ಬೇರು ಬಿಟ್ಟ ಕಾಂಡ್ಲಾ ಮರಗಳ ಕಾಲುವೆಯಲ್ಲಿ ಮೋಟಾರು ನಿಲ್ಲಿಸಿ ಹುಟ್ಟು ಹಾಕಿದರು. ಅಲ್ಲಿ ಮೇಷ್ಟ್ರು ಬೆರಳು ಅದ್ದಲು ಕೈ ಚಾಚಿದಾಗ ದೋಣಿಯಾತ ರಪ್ಪನೆ ಕೈ ಹಿಡಿದೆಳೆದ. ಮೊಸಳೆ ಇರುವ ಜಾಗ. ಒಂದು ದ್ವೀಪದ ಮರಳಿನ ತುಂಬ ಶಂಖ ಹೊತ್ತ ಏಡಿಗಳು ಓಡಾಡುತ್ತಿದ್ದವು. ಇನ್ನೊಂದರಲ್ಲಿ ಯಾವ ದೇಶದ್ದೋ ಓದಲಾಗದ ಅಕ್ಷರದ ಬಾಟಲಿಗಳು, ತೇಲಿ ಬಂದು ತಾನೇ ಮೊಳೆತ ತೆಂಗಿನಕಾಯಿ. ಮಧ್ಯಾಹ್ನ ಮರದ ನೆರಳಲ್ಲಿ ಆಕೆ ಮೀನಿನ ಸಾರು ಮಾಡಿದಳು. ಮೇಷ್ಟ್ರು ಚೀಲದಿಂದ ರಾಗಿ ಹಿಟ್ಟು ತೆಗೆದರು! ಅಷ್ಟು ದೂರ ಹೊತ್ತು ತಂದಿದ್ದರು. ಮುರಿದ ಹುಟ್ಟಿನ ಕೋಲಿನಲ್ಲಿ ತೊಳಸಿ ಮುದ್ದೆ ಕಟ್ಟಿ ಗಂಡ ಹೆಂಡತಿಗೆ ಬಡಿಸಿದರು. ಆಕೆ ಒಂದು ತುತ್ತು ಬಾಯಿಗಿಟ್ಟು ಅಗಿದಳು, ಅಗಿದಳು, ಅಗಿಯುತ್ತಲೇ ಇದ್ದಳು. "ನಮಲೊದ್ದಮ್ಮಾ, ಮಿಂಗು!" ಎಂದು ಮೇಷ್ಟ್ರು ಕೂಗಿದರು. ಅಗಿಯಬೇಡ, ನುಂಗು ಎಂದು. ಆ ಕೂಗಿಗೆ ಮರದ ಮೇಲಿನ ಹಕ್ಕಿಗಳೆಲ್ಲ ಎದ್ದು ಹಾರಿದವು. ಅಷ್ಟು ನಕ್ಕಿದ್ದು ಯಾವಾಗಲೋ ನನಗೆ ನೆನಪಿಲ್ಲ.

ಈಜಲು ಬಿಡಿ ಎಂದು ಎರಡೂ ದಿನ ಮೇಷ್ಟ್ರು ಕೇಳುತ್ತಲೇ ಇದ್ದರು. ಸರಿಯಾದ ಜಾಗ ತೋರಿಸುತ್ತೇನೆ ಎಂದು ಆತ ತಡೆದಿದ್ದ. ನಮಗಿದ್ದ ಕೊನೆಯ ದಿನ ಆ ಜಾಗಕ್ಕೆ ಕರೆದೊಯ್ದ. ಹವಳದ ದಿಣ್ಣೆ ಕಾಂಪೌಂಡಿನಂತೆ ಸುತ್ತುವರಿದ ಒಂದು ಪುಟ್ಟ ದ್ವೀಪ. ದಿಣ್ಣೆಗೆ ತಳ ತಾಗುವುದರಿಂದ ಡುಂಗಿ ಒಳಗೆ ಹೋಗದು. ಕಡಲು ಉಬ್ಬಿ ನೀರು ತುಂಬಿದ ಸ್ವಲ್ಪ ಹೊತ್ತು ಮಾತ್ರ ಈಜುವವರು ಅದರ ಮೇಲೆ ದಾಟಿ ಹೋಗಬಹುದು. ಅಲೆಯಿಲ್ಲ, ಮೊಸಳೆಯ ಕಾಲುವೆಗಳು ದೂರ. ದ್ವೀಪ ನಮ್ಮ ಹೈಸ್ಕೂಲು ಮೈದಾನದ ಆಚೆ ತುದಿಯಷ್ಟು ದೂರದಲ್ಲಿ, ಬೆಳ್ಳಗೆ ಹೊಳೆಯುವ ಮರಳಿನೊಂದಿಗೆ ಕಾಯುತ್ತಿತ್ತು. ಆತ ಬಲೆ ತೇಲಿಸುವ ಬೆಂಡೊಂದನ್ನು ಹಗ್ಗದಲ್ಲಿ ಮೇಷ್ಟ್ರ ಸೊಂಟಕ್ಕೆ ಕಟ್ಟಿದ. ಊರಿಗೆಲ್ಲ ಡಬ್ಬ ಕಟ್ಟಿದವರು ಚಿಕ್ಕ ಮಗುವಿನಂತೆ ಕೈ ಮೇಲೆತ್ತಿ ಕಟ್ಟಿಸಿಕೊಂಡರು.

ಇಳಿದರು. ಕೈ ಬೀಸಿದರು. ಎಷ್ಟು ಚೆನ್ನಾಗಿತ್ತು ಗೊತ್ತೇ ಆ ಬೀಸು! ನೀರು ಚಿಮ್ಮಲಿಲ್ಲ, ಸದ್ದಾಗಲಿಲ್ಲ. ತಲೆ ನೀರಿನೊಳಗೆ, ಕೈ ಮಾತ್ರ ಒಂದಾದ ಮೇಲೊಂದು. ಹತ್ತಾರು ಕೈ ಹೋದ ಮೇಲೆ ಅವರು ಮೆಲ್ಲಗೆ ಎಡಕ್ಕೆ ಬಾಗಿದರು. ಇನ್ನಷ್ಟು ಬಾಗಿದರು. "ಎಕ್ಕಡಿಕೆಳ್ತನ್ನಾರು ಮಾಷ್ಟಾರು?" ಎಂದಳು ಆಕೆ, ಇವರು ಎಲ್ಲಿಗೆ ಹೊರಟರು ಎಂದು. ನಾವು ಕೂಗಿದೆವು, ಕಿವಿಯಲ್ಲಿ ಹತ್ತಿ. ಮೇಷ್ಟ್ರು ಅಂದವಾಗಿ, ನಿಧಾನವಾಗಿ, ಪೂರ್ತಿ ಒಂದು ಸುತ್ತು ಹಾಕಿ ನಮ್ಮ ಡುಂಗಿಗೇ ಬಂದು ಕೈ ತಾಗಿಸಿದರು. ದಡ ಸಿಕ್ಕಿತೆಂಬ ಖುಷಿಯಲ್ಲಿ ತಲೆ ಎತ್ತಿದರೆ ಎದುರಿಗೆ ನನ್ನ ಮುಖ.

ಗಂಡ ಹೆಂಡತಿ ನಕ್ಕರು, ನಾನೂ ನಕ್ಕೆ. ಮೇಷ್ಟ್ರು ನಗಲಿಲ್ಲ. ತಿರುಗಿ ಮತ್ತೆ ಹೊರಟರು. ಮತ್ತೆ ಅದೇ ಬಾಗು, ಅದೇ ಸುತ್ತು, ಮತ್ತೆ ಡುಂಗಿ. ಈ ಸಲ ಏದುಸಿರು. ಮೇಲೆ ಹತ್ತಿಸಿಕೊಂಡೆವು. ನೀರು ಇಳಿಯುವ ಹೊತ್ತಾಗುತ್ತಿದೆ ಎಂದು ಆತ ಹೆಂಡತಿಗೆ ಹೇಳುತ್ತಿದ್ದ. ಮೇಷ್ಟ್ರು ಟವೆಲ್ಲು ಹೊದ್ದು, ದ್ವೀಪಕ್ಕೆ ಬೆನ್ನು ಹಾಕಿ ಕೂತರು.

"ಸಾಕು ಬಿಡಮ್ಮ," ಎಂದರು. "ಹೋಗಣ."

ಮೆಲ್ಲಗೆ ಹೇಳಿದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. 

ಹಾಗೆ ಬಾಗುವುದನ್ನು ನಾನು ಎಲ್ಲಿ ನೋಡಿದ್ದೆ? ಎಲ್ಲಿ ಅಂದರೆ, ನನ್ನದೇ ಮೈಯಲ್ಲಿ. ನಾನು ಅವರ ಕಿವಿಯ ಹತ್ತಿ ಕಿತ್ತು ಹೇಳಿದೆ: "ಮೇಷ್ಟ್ರೇ, ನೀವು ಬಾವೀಲಿ ತಿರುಗ್ದಂಗೆ ತಿರುಗ್ತಿದ್ದೀರ. ಎಡಕ್ಕೆ. ಇಲ್ಲಿ ಗೋಡೆ ಇಲ್ಲ."

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಹಣೆ ಚಚ್ಚಿಕೊಂಡರು. "ಅಯ್ಯೋ ಶಿವ್ನೆ! ಜೀವಮಾನ ಎಲ್ಲ ಎಡಕ್ಕೇ ತಿರುಗಿದ್ದೀನಲ್ಲೇ! ಈ ಕೈಗೆ ನೇರ ಹೋಗೋದೇ ಗೊತ್ತಿಲ್ವಲ್ಲ!"

"ನಾನು ನಿಮ್ಮ ಎಡಗಡೆ ಬರ್ತೀನಿ. ಬಾಗಿದ್ರೆ ನನ್ ಕೈ ತಾಗುತ್ತೆ. ತಾಗಿದ್ ತಕ್ಷಣ ಆ ಕಡೆ ಸರೀರಿ."

ಬಾಯಿಂದ ಮಾತೇನೋ ಹೊರಟು ಹೋಯಿತು. ದೊಡ್ಡವಳಾದ ಮೇಲೆ ನಾನು ನೀರಿಗಿಳಿದೇ ಇರಲಿಲ್ಲ. ಲೈಫ್ ಜಾಕೆಟ್ ಬಿಗಿದುಕೊಂಡು ಡುಂಗಿಯ ಅಂಚು ಹಿಡಿದು ನಿಂತರೆ ಕೆಳಗೆ ತಿಳಿನೀಲಿ, ಅದರ ಕೆಳಗೆ ಹವಳ, ಅದರ ಕೆಳಗೆ ಏನೋ ಯಾರಿಗೆ ಗೊತ್ತು. "ನೇನುನ್ನಾ ಕದಾ, ದಿಗಮ್ಮಾ," ಎಂದಳು ಆಕೆ ನನ್ನ ಬೆನ್ನು ಸವರಿ. ನಾನಿದ್ದೇನಲ್ಲ, ಇಳಿ ಎಂದು. ಆತ ಅಂಗಿ ಕಳಚಿ ನಮಗಿಂತ ಮುಂಚೆ ನೀರಿನಲ್ಲಿದ್ದ. ಉದ್ದಕ್ಕೂ ಹಿಂದೆಯೇ ಬಂದ.

ನಾನು ತಲೆ ಮೇಲಿಟ್ಟು, ದ್ವೀಪದ ಒಂದು ಓರೆ ಮರದ ಮೇಲೆ ಕಣ್ಣಿಟ್ಟು ಕಪ್ಪೆಯಂತೆ ಒದ್ದೆ. ನನ್ನ ಮೈಯೂ ಎಡಕ್ಕೇ ಎಳೆಯುತ್ತಿತ್ತು. ಕಣ್ಣು ಮರ ಬಿಡದಂತೆ ನೋಡಿಕೊಂಡೆ. ಬಲಗಡೆ ಮೇಷ್ಟ್ರು. ಕೊಂಚ ಹೊತ್ತಿಗೆ ಅವರ ಒದ್ದೆ ಬೆರಳು ನನ್ನ ತೋಳಿಗೆ ತಾಗಿತು. ಸರಿದರು. ಮತ್ತೆ ತಾಗಿತು, ಮತ್ತೆ ಸರಿದರು. ದಿಣ್ಣೆಯ ಮೇಲೆ ಹಾಯುವಾಗ ನನ್ನ ಹೊಟ್ಟೆಯ ಕೆಳಗೇ ಹಳದಿ ಪಟ್ಟಿಯ ಮೀನುಗಳು ಚದುರಿದವು. ಕೊನೆ ಕೊನೆಗೆ ಅವರ ಬೆರಳು ತಾಗುವುದು ಕಡಿಮೆಯಾಯಿತು. ಆಮೇಲೆ ತಾಗಲೇ ಇಲ್ಲ. ನೋಡಿದರೆ ಅವರು ನನ್ನನ್ನು ಹಿಂದೆ ಹಾಕಿ, ಗೆರೆ ಎಳೆದಂತೆ ಹೋಗುತ್ತಿದ್ದರು.

ನಾನು ಮರಳಿಗೆ ಬಂದು ಬೀಳುವಷ್ಟರಲ್ಲಿ ಮೇಷ್ಟ್ರು ದ್ವೀಪಕ್ಕೆ ಒಂದು ಸುತ್ತು ಬಂದಾಗಿತ್ತು. ಅಷ್ಟು ಚಿಕ್ಕದು ಅದು. ಬೆಂಡನ್ನು ಬಾಲದಂತೆ ಎಳೆದುಕೊಂಡು ಬಂದು ನನ್ನ ಪಕ್ಕ ಕೂತರು. ಸುತ್ತಲೂ ನೋಡಿದರು, ಎಲ್ಲ ಕಡೆ ನೀರು. "ಬಾವೀನ ಒಳಗಿಂದ ಆಚೆಗೆ ಮಗುಚಿ ಹಾಕ್ದಂಗದೆ ಕಣಮ್ಮ," ಎಂದು ಮಾಮೂಲಿ ಗಂಟಲಿನಲ್ಲಿ ಕೂಗಿದರು. ಆ ಕಡೆ ಡುಂಗಿಯಲ್ಲಿದ್ದ ಆಕೆಗೂ ಕೇಳಿಸಿ ಕೈ ಬೀಸಿದಳು. ಆಮೇಲೆ ಅವರು ಅತ್ತರು. ನಾನೂ ಅತ್ತೆ. ನೀರು ಇಳಿಯುತ್ತಿದೆ ಎಂದು ಆತ ಎಬ್ಬಿಸುವವರೆಗೆ ಕೂತಿದ್ದೆವು.

ಊರಿಗೆ ಬಂದ ಮೇಲೆ ಹೋಟೆಲಿನಲ್ಲಿ ಈ ಕತೆ ಅವರೇ ಹೇಳಿಕೊಂಡು ನಗಿಸಿದರು. ಆದರೆ ಅವರ ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ಎಷ್ಟು ಮಕ್ಕಳಿಗೆ ಸುತ್ತುವುದು ಕಲಿಸಿದೆ, ಒಬ್ಬರಿಗೂ ನೇರ ಹೋಗುವುದು ಕಲಿಸಲಿಲ್ಲವಲ್ಲ ಎನ್ನುತ್ತಿದ್ದರು. ಮುಂದಿನ ವರ್ಷ ಮಂಡಿಕಲ್ ಕಡೆಯ ಹಳ್ಳಿಯೊಂದರಲ್ಲಿ ರೇಷ್ಮೆ ಸಾಕುವವರ ಮಗುವೊಂದು ಕೃಷಿ ಹೊಂಡಕ್ಕೆ ಜಾರಿ ಬಿತ್ತು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ಕು ಪಾಚಿ ಕಟ್ಟಿ ಜಾರುತ್ತದೆ, ಬಿದ್ದವರು ಹತ್ತಲಾರರು. ತಾಯಿ ದಂಡೆಯಲ್ಲೇ ನಿಂತು ಕಿರುಚುತ್ತಿದ್ದಳು, ಅವಳಿಗೆ ಈಜು ಬಾರದು. ದಾರಿಹೋಕನೊಬ್ಬ ಹಾರಿ ಎತ್ತಿದ, ಮಗು ಉಳಿಯಿತು. ಸುದ್ದಿ ಕೇಳಿದ ಮೇಷ್ಟ್ರು ಮೊದಲ ಬಸ್ಸಿಗೆ ಆ ಹಳ್ಳಿಗೆ ಹೋಗಿ ಆ ತಾಯಿಯ ಬಾಗಿಲಲ್ಲಿ ನಿಂತರು. ಏನೆಂದು ಕೂಗಿದರೋ, ಇಡೀ ಬೀದಿ ಹೊರಗೆ ಬಂದಿರಬೇಕು.

ಆಮೇಲೆ ಭಾನುವಾರಗಳಂದು ಅದೇ ಹೊಂಡದಲ್ಲಿ ತಾಯಂದಿರಿಗೆ ಪಾಠ. ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ, ಲಾರಿಯ ಟ್ಯೂಬು, ನೀರಿನಲ್ಲಿ ಅವರ ಜೊತೆಗೆ ನಾನು, ದಂಡೆಯ ಮೇಲೆ ಮೇಷ್ಟ್ರು. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ವಾರ ಮಾತ್ರ ಒಬ್ಬರೂ ಬರುತ್ತಿರಲಿಲ್ಲ. "ಎಡಕ್ಕೆ" ಎಂಬ ಮಾತೇ ಮೇಷ್ಟ್ರ ಬಾಯಿಂದ ಹೋಗಿತ್ತು. "ಮಗು ಬಿದ್ರೆ ಸುತ್ತು ಹಾಕ್ಕೊಂಡು ಹೋಗಕ್ಕಾಗುತ್ತೇನ್ರಮ್ಮ? ನೇರ! ನೇರ ಹೋಗ್ಬೇಕು!" ಹೊಂಡಕ್ಕೆ ಬಿದ್ದಿದ್ದ ಮಗುವಿನ ತಾಯಿ ಎಲ್ಲರಿಗಿಂತ ಹೆದರುಪುಕ್ಕಿ. ಹಗ್ಗ ಬಿಟ್ಟರೆ ಕಣ್ಣು ಮುಚ್ಚುತ್ತಿದ್ದಳು. ಅವಳು ಹೊಂಡದ ಈ ಕಡೆಯಿಂದ ಆ ಕಡೆಗೆ ಹಗ್ಗವಿಲ್ಲದೆ ದಾಟುವುದನ್ನು ನೋಡಬೇಕು ಎನ್ನುವುದೇ ಮೇಷ್ಟ್ರ ಧ್ಯಾನವಾಗಿತ್ತು.

ಕಳೆದ ಚಳಿಗಾಲದ ಒಂದು ಭಾನುವಾರ ಅವರು ಬರಲಿಲ್ಲ. ಬಸ್ಸು ತಪ್ಪಿರಬೇಕು ಎಂದುಕೊಂಡು ನಾವೇ ಶುರು ಮಾಡಿದೆವು. ನಾನು ಟವೆಲ್ಲು ತರಲು ದಂಡೆಗೆ ಬಂದಾಗ ಫೋನು ಹೊಡೆದುಕೊಂಡಿತು. ಗೌರಿಬಿದನೂರಿನ ಮಗಳು. ಬೆಳಿಗ್ಗೆ ಜಗಲಿಯ ಬಿಸಿಲಿನಲ್ಲಿ ಕೂತ ಮೇಷ್ಟ್ರು, ಪಕ್ಕದಲ್ಲಿ ಚೀಲ ಸಿದ್ಧ ಮಾಡಿ ಇಟ್ಟುಕೊಂಡು, ಹಾಗೇ ಹೋಗಿಬಿಟ್ಟಿದ್ದರು.

ನಾನು ಹೊಂಡದ ಕಡೆ ತಿರುಗಿದೆ. ಆ ತಾಯಿ ಹಗ್ಗ ಬಿಟ್ಟಿದ್ದಳು. ಯಾರೂ ಹೇಳಿರಲಿಲ್ಲ, ತಾನಾಗಿಯೇ ಬಿಟ್ಟು ನಡು ಹೊಂಡದಲ್ಲಿದ್ದಳು, ಕಣ್ಣು ತೆರೆದು, ಬಾಯಿ ಬಿಗಿದು. ಅವಳು ಆಚೆ ದಂಡೆಯ ಗಂಟು ಹಿಡಿದು, ತಿರುಗಿ, ಮುಖದ ತುಂಬ ನಗುತ್ತಾ ಕೂಗಿದಳು:

"ಅಕ್ಕಾ, ಮೇಷ್ಟ್ರಿಗೆ ಫೋನ್ ಮಾಡಿ ಹೇಳಕ್ಕಾ!"

ಫೋನು ಇನ್ನೂ ನನ್ನ ಕಿವಿಯಲ್ಲೇ ಇತ್ತು. "ಹೇಳೋಣ," ಎಂದೆ. "ಮೊದ್ಲು ಈ ಕಡೆ ಬಾರಮ್ಮ."

ಅವಳು ಗಂಟು ಬಿಟ್ಟು, ನೇರವಾಗಿ ನನ್ನ ಕಡೆಗೆ ಬಂದಳು.